ಕತ್ತಿನ ನರ ಒತ್ತಿದೆಯೇ ಎಂದು ಸ್ಕ್ಯಾನ್ ಇಲ್ಲದೆ ತಿಳಿಯುವುದು ಹೇಗೆ?

ಎಂಆರ್‌ಐ ಮಾಡಿಸದೆ, ಬರೀ ಕತ್ತು ತಿರುಗಿಸಿ ನೋಡಿ ವೈದ್ಯರು ಹೇಗೆ ಹೇಳುತ್ತಾರೆ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೇಳಬಹುದು.

ಹೆಸರಾಂತದ್ದು ಸ್ಪರ್ಲಿಂಗ್ ಪರೀಕ್ಷೆ, 1944ರಷ್ಟು ಹಳೆಯದು. ತಲೆಯನ್ನು ನೋವಿರುವ ಕಡೆಗೆ ವಾಲಿಸಿ, ನೆತ್ತಿಯನ್ನು ಮೆಲ್ಲನೆ ಕೆಳಕ್ಕೆ ಒತ್ತುತ್ತಾರೆ. ನರ ಹೊರಬರುವ ಕಿಂಡಿ ಆಗ ಇನ್ನಷ್ಟು ಕಿರಿದಾಗುತ್ತದೆ. ನೋವು ಅಥವಾ ಜೋಮು ತೋಳಿಗೆ ಇಳಿದರೆ ನರ ಒತ್ತಿರುವ ಅನುಮಾನ ಬಲವಾಗುತ್ತದೆ; ಕತ್ತಷ್ಟೇ ನೊಂದರೆ ಲೆಕ್ಕಕ್ಕಿಲ್ಲ. ಆದರೆ ಏನೂ ಆಗಲಿಲ್ಲವೆಂದು ತೊಂದರೆ ಇಲ್ಲವೆನ್ನಲಾಗದು.

ಆ ಕೊರತೆಯನ್ನು ತೋಳಿನ ನರ ಬಿಗಿಗೊಳಿಸುವ ಪರೀಕ್ಷೆ ತುಂಬುತ್ತದೆ. ತೋಳನ್ನು ಪಕ್ಕಕ್ಕೆ ಚಾಚಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಮೊಣಕೈಯನ್ನು ನೆಟ್ಟಗೆ ಮಾಡಿದರೂ ಲಕ್ಷಣ ಕಾಣದಿದ್ದರೆ ನರ ಒತ್ತಿರುವ ಸಂಭವ ತೀರಾ ಕಡಿಮೆ. ಮಲಗಿಸಿ ತಲೆಯನ್ನು ಮೃದುವಾಗಿ ಎಳೆದಾಗ ಹಾಯೆನಿಸುವುದು, ನೋವಿನ ಕಡೆಗೆ ಕತ್ತು 60 ಡಿಗ್ರಿಯೂ ತಿರುಗದಿರುವುದು ಕೂಡ ಸುಳಿವುಗಳೇ. ಎರಡೂ ಪರೀಕ್ಷೆಗಳಲ್ಲಿ ಲಕ್ಷಣ ಕಂಡು, ಈ ಎರಡು ಸುಳಿವುಗಳೂ ಸಿಕ್ಕರೆ ನರ ಒತ್ತಿದೆ ಎಂಬುದರಲ್ಲಿ ಹೆಚ್ಚು ಸಂಶಯವಿಲ್ಲ.

ಕೆಲವರು ಕೈಯನ್ನು ತಲೆಯ ಮೇಲಿಟ್ಟುಕೊಂಡೇ ಕುಳಿತಿರುತ್ತಾರೆ, ಹಾಗೆ ಮಾಡಿದರೆ ನರದ ಮೇಲಿನ ಎಳೆತ ಸಡಿಲವಾಗುತ್ತದೆ. ನನ್ನ ಮಟ್ಟಿಗೆ ಇದು ಅರ್ಧ ರೋಗನಿರ್ಣಯ!

ಯಾವ ನರ? ಹೆಬ್ಬೆರಳು ಜೋಮಾದರೆ ಸಾಮಾನ್ಯವಾಗಿ ಸಿ6 (ಕತ್ತಿನಿಂದ ಹೊರಡುವ ಆರನೆಯ ನರ), ನಡುಬೆರಳಾದರೆ ಸಿ7, ಕಿರುಬೆರಳಾದರೆ ಸಿ8.

ಮನೆಯವರಿಂದ ನೆತ್ತಿ ಒತ್ತಿಸಿಕೊಳ್ಳಬೇಡಿ. ನಡಿಗೆ ತಡವರಿಸುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳುಗಳು ಮಾತು ಕೇಳದಿದ್ದರೆ ಬೆನ್ನುಹುರಿಯೇ ಒತ್ತಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.