ಸಹಿ ಹಾಕಿಸಿದ್ದಾಯಿತು, ಇನ್ನು ಯಾರನ್ನು ಕೇಳುವುದು?

ಪತ್ರ: ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ 41 ಮಕ್ಕಳಿಗೆ ಒಬ್ಬರೇ ಶಿಕ್ಷಕಿ. ಹೆಚ್ಚಿನ ಮಕ್ಕಳು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳವರು. ಪಿಯು ಓದುವ ನಾವು ಆರು ಮಂದಿ 200 ಸಹಿ ಹಾಕಿಸಿ ಜನಪ್ರತಿನಿಧಿಯೊಬ್ಬರ ಕಚೇರಿಗೆ ಕೊಟ್ಟೆವು. ನಾಲ್ಕು ತಿಂಗಳಾಯಿತು, ಉತ್ತರವಿಲ್ಲ. ಮುಂದೇನು?
– ಓದುಗರು, ಪೊನ್ನಂಪೇಟೆ ತಾಲ್ಲೂಕು

ಸಂಪಾದಕರ ಉತ್ತರ: ನೀವು ಕೇಳಿದ್ದು ನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರಿರಬೇಕು. ಆದರೆ ನಿಮ್ಮ ಮನವಿ ಇಂತಿಷ್ಟು ದಿನದೊಳಗೆ ಉತ್ತರ ಕೊಡಲೇಬೇಕಾದವರ ಕೈಗೆ ಹೋಗಿಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು. ‘ಶಿಕ್ಷಕರನ್ನು ಏಕೆ ಕೊಟ್ಟಿಲ್ಲ’ ಎಂದು ಬರೆದರೆ ಕಾರಣ ಹೇಳುವುದು ಮಾಹಿತಿಯಲ್ಲವೆಂದು ಅರ್ಜಿ ವಾಪಸಾಗಬಹುದು. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾರನ್ನು ಯಾವ ಆದೇಶದ ಮೇಲೆ ನಿಯೋಜನೆಗೆ (ತಾತ್ಕಾಲಿಕವಾಗಿ ಬೇರೆಡೆ ಕೆಲಸಕ್ಕೆ) ಕಳಿಸಲಾಗಿದೆ ಎಂದು ಕೇಳಿ, ಆದೇಶದ ಪ್ರತಿಯನ್ನೂ ಕೇಳಿ. ಎಷ್ಟೋ ಶಾಲೆಗಳಲ್ಲಿ ಕಾಗದದ ಮೇಲೆ ಇಬ್ಬರಿರುತ್ತಾರೆ, ಒಬ್ಬರು ಬೇರೆಡೆ ನಿಯೋಜನೆಯಲ್ಲಿರುತ್ತಾರೆ. ಹಾಗಿದ್ದರೆ ಹೊಸ ಹುದ್ದೆ ಬೇಡುವ ಕೆಲಸವೇ ಇಲ್ಲ, ನಿಯೋಜನೆ ರದ್ದಾದರೆ ಸಾಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಉತ್ತರ ಕೈಗೆ ಬಂದ ಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇನ್ನೊಬ್ಬ ಶಿಕ್ಷಕರು ಬೇಕೆಂದು ಠರಾವು ಮಾಡಿಸಿ. ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂಬ ನಿಯಮವಿದೆ. ಲೈನ್ ಮನೆಯ ತಾಯಂದಿರು ದಿನದ ಕೂಲಿ ಬಿಟ್ಟು ಕೆಲಸದ ದಿನ ಬರಲಾರರು. ತೋಟಕ್ಕೆ ರಜೆ ಇರುವ ದಿನ, ಅವರು ಸಂತೆಗೆ ಹೊರಡುವ ಮೊದಲೇ ಸಭೆ ಇಡಿಸಿ.

ದಾಖಲಾತಿಯ ವಿಷಯ ಇನ್ನೂ ಮುಖ್ಯ. ಮಕ್ಕಳ ಸಂಖ್ಯೆ ಇಳಿದರೆ ಹುದ್ದೆಯೂ ಹೋಗಬಹುದು. ಕಾಫಿ ಕುಯ್ಲಿಗೆ ಹೊರಗಿನಿಂದ ಬಂದವರ ಮಕ್ಕಳು ಟಿಸಿ ಇಲ್ಲವೆಂದು ಲೈನಿನಲ್ಲೇ ಉಳಿಯುತ್ತಾರೆ. ಟಿಸಿ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಆರು ಮಂದಿ ಲೈನುಗಳನ್ನು ಹಂಚಿಕೊಂಡು ಮಕ್ಕಳ ಪಟ್ಟಿ ಮಾಡಿ ಮುಖ್ಯ ಶಿಕ್ಷಕಿಗೆ ಕೊಡಿ. ಇದು ನೀವು ಇವತ್ತೇ ಮಾಡಬಹುದಾದ ಕೆಲಸ, ಸಹಿ ಸಂಗ್ರಹಕ್ಕಿಂತ ದೊಡ್ಡದು.

ಪಂಚಾಯಿತಿ ಶಿಕ್ಷಕರನ್ನು ನೇಮಿಸುವುದಿಲ್ಲ. ಶೌಚಾಲಯ, ನೀರು, ಮಳೆಗಾಲದ ಕಾಲುದಾರಿಯ ಮಾತನ್ನು ಮಕ್ಕಳ ಗ್ರಾಮಸಭೆಗೆ ಒಯ್ಯಿರಿ. ಅಲ್ಲಿ ಮಕ್ಕಳೇ ಮಾತನಾಡಲಿ, ನೀವು ನಡಾವಳಿ ಪುಸ್ತಕದಲ್ಲಿ ಅದು ದಾಖಲಾಯಿತೇ ಎಂದು ನೋಡಿ. ನಿಮ್ಮಲ್ಲಿ 17 ತುಂಬಿದವರು ಮತದಾರರಾಗಿ ಹೆಸರು ಸೇರಿಸಲು ಕೊಡುವ ಅರ್ಜಿಯಾದ ನಮೂನೆ 6ನ್ನು ಮುಂಗಡವಾಗಿ ಸಲ್ಲಿಸಬಹುದು. 18 ಆದಮೇಲೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ರ ಪೈಕಿ ಮೊದಲು ಬರುವ ದಿನಾಂಕದ ಲೆಕ್ಕದಲ್ಲಿ ಹೆಸರು ಮತದಾರರ ಪಟ್ಟಿಗೆ ಸೇರುತ್ತದೆ.