ಪಕ್ಷದವರೇ ಗುಟ್ಟು ಬಿಟ್ಟುಕೊಟ್ಟರು

ಪ್ರಶ್ನೆ: ಡೆನ್ಮಾರ್ಕಿನ ಯಹೂದಿಗಳನ್ನು ಉಳಿಸಿದ ಜರ್ಮನ್ ರಾಜತಾಂತ್ರಿಕ ಡುಕ್‌ವಿಟ್ಸ್ ಸ್ವತಃ ನಾಜಿ ಪಕ್ಷದವರಂತೆ, ಹೌದಾ?

ಉತ್ತರ: ಹೌದು ಸ್ವಾಮಿ, ನನಗೂ ಮೊದಲು ನಂಬಿಕೆ ಬರಲಿಲ್ಲ. ಗೇಯೊರ್ಗ್ ಫರ್ಡಿನೆಂಡ್ ಡುಕ್‌ವಿಟ್ಸ್ ಹುಟ್ಟಿದ್ದು 1904ರಲ್ಲಿ, ಬ್ರೆಮೆನ್‌ನಲ್ಲಿ. ಕಾಫಿ ವ್ಯಾಪಾರದಲ್ಲಿದ್ದವರು. 1932ರಲ್ಲಿ ಪಕ್ಷ ಸೇರಿದರು, ಕೆಲವೇ ವರ್ಷಗಳಲ್ಲಿ ಅದರ ಮೇಲೆ ಬೇಸರ ಬಂತು. ಆದರೂ 1939ರಲ್ಲಿ ಕೋಪನ್‌ಹೇಗನ್ನಿನ ಜರ್ಮನ್ ರಾಯಭಾರ ಕಚೇರಿಯಲ್ಲಿ ಹಡಗು ವ್ಯವಹಾರದ ಅಧಿಕಾರಿಯಾದರು.

1943ರ ಸೆಪ್ಟೆಂಬರ್. ಡೆನ್ಮಾರ್ಕ್ ಆಗ ಜರ್ಮನ್ನರ ವಶದಲ್ಲಿತ್ತು. ಅಲ್ಲಿನ ಯಹೂದಿಗಳನ್ನು ಹಿಡಿದು ನಾಜಿ ಶಿಬಿರಗಳಿಗೆ ಸಾಗಿಸುವ ಯೋಜನೆ ಇವರ ಕಿವಿಗೆ ಬಿತ್ತು. ಸ್ಟಾಕ್‌ಹೋಮ್‌ಗೆ ಹೋಗಿ, ಅವರಿಗೆ ಆಶ್ರಯ ಕೇಳಲು ಸ್ವೀಡನ್ ಪ್ರಧಾನಿಯನ್ನು ಕಂಡರು. 28ರಂದು ಡೇನಿಷ್ ನಾಯಕ ಹಾನ್ಸ್ ಹೆಡ್ಟಾಫ್ಟ್‌ಗೆ ಎಲ್ಲ ಹೇಳಿಬಿಟ್ಟರು. ಸಿಕ್ಕಿಬಿದ್ದಿದ್ದರೆ ತಲೆ ಉಳಿಯುತ್ತಿತ್ತಾ? ಸುದ್ದಿ ಯಹೂದಿಗಳಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಬಂದವರಿಗೆ ಅವರ ಧರ್ಮಗುರು, ಅಂದರೆ ರಬ್ಬಿ, ಹೇಳಿದ್ದು ಇಷ್ಟೇ: ಈಗಲೇ ಹೊರಡಿ, ಬಚ್ಚಿಟ್ಟುಕೊಳ್ಳಿ, ಗೊತ್ತಿದ್ದವರಿಗೆಲ್ಲ ತಿಳಿಸಿ. ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಜಾಸ್ತಿ ಜನ ಸ್ವೀಡನ್ ಸೇರಿದರು. ದೋಣಿಗೆ ಕೆಲವರು ದುಬಾರಿ ಹಣ ಕಿತ್ತರು, ಅದೂ ನಿಜವೇ.

ಯುದ್ಧದ ನಂತರ ಅದೇ ಕೋಪನ್‌ಹೇಗನ್ನಿಗೆ ರಾಯಭಾರಿಯಾಗಿ ಹೋದರು. ಆಮೇಲೆ 1961ರಿಂದ ನಮ್ಮ ದೆಹಲಿಯಲ್ಲೂ ಪಶ್ಚಿಮ ಜರ್ಮನಿಯ ರಾಯಭಾರಿ! 1971ರಲ್ಲಿ ಇಸ್ರೇಲಿನ ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆ ಯಾದ್ ವಶೆಮ್ ಅವರನ್ನು ಗೌರವಿಸಿತು. ಎರಡು ವರ್ಷದ ನಂತರ ತೀರಿಕೊಂಡರು.