ಬಣ್ಣ ಬದಲಾದ ಮ್ಯಾಪು, ಇಲ್ಲದ ರಸ್ತೆ

ಫೋನಿನ ಮ್ಯಾಪ್ ಆ್ಯಪ್ ಅಪ್‌ಡೇಟ್ ಆದ ಮೇಲೆ ರಸ್ತೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿವೆ, ಜೊತೆಗೆ ಇಲ್ಲದ ರಸ್ತೆಯನ್ನೂ ತೋರಿಸುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಓಡಾಡುವಾಗ ಒಂದೇ ನೋಟಕ್ಕೆ ರಸ್ತೆ ಕಾಣಬೇಕು ಅಲ್ವಾ?

ಹಳೆಯ ಬಣ್ಣ ವಾಪಸ್ ಬರುವುದು ಕಷ್ಟ. ಡಾರ್ಕ್ ಮೋಡ್ ಹಾಕಿ ನೋಡಿ, ಕೆಲವರ ಕಣ್ಣಿಗೆ ಅದು ಹೊಂದುತ್ತದೆ.

ತಪ್ಪು ರಸ್ತೆಯ ವಿಷಯ ಬೇರೆ. ನಾನು ಬಳಸುತ್ತಿದ್ದ ಆ್ಯಪ್ ಮೆಟ್ಟಿಲಿರುವ ಕಾಲುದಾರಿಯನ್ನು ಕಾರು ಹೋಗುವ ರಸ್ತೆ ಅಂತ ತೋರಿಸುತ್ತಿತ್ತು. ಮೂರು ಸಲ ದೂರು ಕೊಟ್ಟೆ, ಸರಿಯಾಗಲಿಲ್ಲ. ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬಂದೆ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಖಾತೆ ತೆರೆದ ಯಾರು ಬೇಕಾದರೂ ತಿದ್ದಬಹುದು. ಇಲ್ಲದ ರಸ್ತೆಯನ್ನು ಸುಮ್ನೆ ಅಳಿಸಬೇಡಿ. ಮೊದಲು ಹೋಗಿ ಕಣ್ಣಾರೆ ನೋಡಿ, ಯಾಕೆ ತಿದ್ದಿದಿರಿ ಅಂತ ಒಂದು ಸಾಲು ಬರೆಯಿರಿ. ಆರ್ಗಾನಿಕ್ ಮ್ಯಾಪ್ಸ್ ಅನ್ನುವ ಮೊಬೈಲ್ ಆ್ಯಪ್ ಬಳಸುವುದು ಇದೇ ಮಾಹಿತಿಯನ್ನು. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದರಲ್ಲಿ ಟ್ರಾಫಿಕ್ ಕಾಣುವುದಿಲ್ಲ, ಅಂಗಡಿಗಳ ವಿವರವೂ ಕಡಿಮೆ.

ಯಾರಿಗಾದರೂ ಜಾಗ ಹೇಳುವಾಗ ಅಕ್ಷಾಂಶ, ರೇಖಾಂಶ ಕಳಿಸಿ. ದಶಮಾಂಶದ ನಂತರ 5 ಅಂಕಿ ಇದ್ದರೆ ಸುಮಾರು 1 ಮೀಟರ್‌ವರೆಗೆ ನಿಖರ. ಯಾವ ಆ್ಯಪ್‌ನಲ್ಲಿ ಹಾಕಿದರೂ ಅದೇ ಜಾಗ ಸಿಗುತ್ತದೆ.